ಹೊಟ್ಟೆಯಿಲ್ಲದ ಹನ್ನೆರಡು ಕಂಪ್ಯೂಟರು

"ಅತ್ತಿಗೆ, ಇವತ್ತಿಂದ ನಿಮ್ಮ ಕಂಪ್ಯೂಟರುಗಳಿಗೆ ಹೊಟ್ಟೆನೋವು ಅನ್ನೋದೇ ಇರಲ್ಲ!" ಎಂದು ತ್ರಿಯಂಬಕ ಎರಡೂ ಕೈ ಎತ್ತಿ ಸಾರಿದ. "ಯಾಕೆ ಅಂದ್ರೆ, ಹೊಟ್ಟೇನೇ ತೆಗೆದುಬಿಟ್ಟಿದೀನಿ!"

ಮೇಜಿನ ಮೇಲೆ ತರಕಾರಿ ಬುಟ್ಟಿ ಇತ್ತು. ಬುಟ್ಟಿಯಲ್ಲಿ ಹನ್ನೆರಡು ಹಾರ್ಡ್ ಡಿಸ್ಕುಗಳು ಸಂತೆಯ ಮೂಲಂಗಿಯಷ್ಟೇ ನಿರಾಳವಾಗಿ ಬಿದ್ದುಕೊಂಡಿದ್ದವು. ಪಂಕಜಾಕ್ಷಮ್ಮ ಮೊದಲು ಗುರುತು ಹಿಡಿದದ್ದು ಬುಟ್ಟಿಯನ್ನು. ನಿನ್ನೆ ಸಂಜೆಯಿಂದ ಅಡುಗೆಮನೆಯಲ್ಲಿ ಅವರು ಹುಡುಕುತ್ತಿದ್ದದ್ದು ಅದನ್ನೇ. ಆಮೇಲೆ ಒಳಗಿರುವ ಸಾಮಾನು ಏನೆಂದು ಹೊಳೆಯಿತು.

"ಅಯ್ಯೋ ನಿನ್ನ! ಶನಿವಾರ ಪರೀಕ್ಷೆ. ಇವತ್ತು ಸೋಮವಾರ. ಇದ್ದಬದ್ದ ಕಂಪ್ಯೂಟರನ್ನೆಲ್ಲ ಸಿಗಿದು ಹಾಕಿದ್ಯಲ್ಲೋ!"

"ಸಿಗಿದಿಲ್ಲ ಅತ್ತಿಗೆ, ಉದ್ಧಾರ ಮಾಡಿದೀನಿ."

ಬಿಳಿಕೆರೆಪುರದಲ್ಲಿ ಬೆರಳಚ್ಚು ಕಲಿಯಬೇಕೆಂದರೆ ಪಂಕಜಾಕ್ಷಮ್ಮನವರ ಶಾಲೆಗೇ ಬರಬೇಕು. ಮೂವತ್ತೇಳು ವರ್ಷದ ಹಿಂದೆ ಆರು ಟೈಪ್‌ರೈಟರುಗಳಿಂದ ಶುರುವಾದ ಶಾಲೆ ಅದು. ತಾಲ್ಲೂಕಿನ ಯಾವ ಕಚೇರಿಗೆ ಹೋದರೂ ಅಲ್ಲೊಬ್ಬರಾದರೂ ಎದ್ದು ನಿಂತು "ನಮಸ್ಕಾರ ಟೀಚರ್" ಅನ್ನುತ್ತಿದ್ದರು. ಅನ್ನುವಾಗ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂದ ಮೇಲೂ ಟೀಚರು ಬದಲಾಗಲಿಲ್ಲ. ಅವರ ಯಜಮಾನರು ಬ್ಯಾಂಕಿನಿಂದ ನಿವೃತ್ತರಾಗಿ ಪೇಪರಿನ ಪದಬಂಧದೊಳಗೆ ಇಳಿದವರು ಇನ್ನೂ ಮೇಲೆ ಬಂದಿರಲಿಲ್ಲ. ಹಾಗಾಗಿ ಶಾಲೆಯ ಯಂತ್ರಗಳ ಕ್ಷೇಮಸಮಾಚಾರವೆಲ್ಲ ಮೈದುನ ತ್ರಿಯಂಬಕನ ಪಾಲಿಗೆ ಬಿದ್ದಿತ್ತು. ಅವನೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದವನು. ಅಲ್ಲಿ ಮಾಡಲು ಬಿಡದೆ ಇದ್ದುದನ್ನೆಲ್ಲ ಈಗ ಮನೆಯಲ್ಲಿ ಮಾಡುತ್ತಿದ್ದ.

ಆದರೆ ಈ ಸಲದ ಪರೀಕ್ಷೆ ಆಟದ ಮಾತಾಗಿರಲಿಲ್ಲ. ಹೋದ ವರ್ಷ ಪರೀಕ್ಷೆಯ ನಡುವೆಯೇ ಮೂರು ಕಂಪ್ಯೂಟರು ಕೈಕೊಟ್ಟಿದ್ದಕ್ಕೆ ಪರೀಕ್ಷಾ ಮಂಡಳಿ ಒಂದು ಖಾರದ ಪತ್ರ ಬರೆದಿತ್ತು. ಇನ್ನೊಂದು ಸಲ ಹೀಗಾದರೆ ಪರೀಕ್ಷಾ ಕೇಂದ್ರ ರದ್ದು. ಅದಕ್ಕಿಂತ ಹೆಚ್ಚಾಗಿ, ಏಳನೇ ನಂಬರಿನ ಕಂಪ್ಯೂಟರಿನ ಮುಂದೆ ದಿನಾ ಕೂರುತ್ತಿದ್ದ ಗಂಗಾಂಬಿಕೆ ಇದ್ದಳು. ನಲವತ್ತರ ಹೆಂಗಸು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಗಂಡ ಹೋದ ಮೇಲೆ ಅನುಕಂಪದ ನೌಕರಿ ಸಿಕ್ಕಿತ್ತು. ಬೆರಳಚ್ಚು ಪಾಸು ಮಾಡಿದರೆ ಮಾತ್ರ ಖಾಯಂ. ಎರಡು ಸಲ ಕೂತು ಎರಡು ಸಲವೂ ವೇಗ ನಾಲ್ಕೈದು ಪದ ಕಡಿಮೆಯಾಗಿ ಫೇಲಾಗಿದ್ದಳು. ಕೊಟ್ಟ ಗಡುವು ಮುಗಿಯುವುದರೊಳಗೆ ಉಳಿದದ್ದು ಇದೊಂದೇ ಪರೀಕ್ಷೆ.

ಆ ಗಂಗಾಂಬಿಕೆಯೇ ಈಗ ಬಾಗಿಲಲ್ಲಿ ನಿಂತು, ಬುಟ್ಟಿಯನ್ನೂ ತನ್ನ ಏಳನೇ ನಂಬರನ್ನೂ ಸರದಿಯಂತೆ ನೋಡುತ್ತಿದ್ದಳು.

"ಹೆದರಬೇಡಮ್ಮ," ಅಂದ ತ್ರಿಯಂಬಕ. "ಕೆಡೋದು ಡಿಸ್ಕು. ಡಿಸ್ಕೇ ಇಲ್ಲದಿದ್ರೆ ಕೆಡೋದು ಏನು? ಮೂಲೇಲಿದೆಯಲ್ಲ, ಅದು ತಾಯಿ ಯಂತ್ರ. ಪಾಠ, ಪ್ರೋಗ್ರಾಮು ಎಲ್ಲಾ ಅದರೊಳಗೆ. ಈ ಹನ್ನೆರಡೂ ಮಕ್ಕಳು ಗುಂಡಿ ಒತ್ತಿದ ತಕ್ಷಣ ಎದ್ದು, 'ಅಮ್ಮಾ, ನಾನ್ಯಾರು? ನನ್ನ ಕೆಲಸ ಏನು?' ಅಂತ ತಂತಿಯಲ್ಲಿ ಕೂಗ್ತವೆ. ತಾಯಿ ಪ್ರತಿಯೊಂದಕ್ಕೂ ಒಂದು ವಿಳಾಸ ಕೊಟ್ಟು, 'ನೀನು ಇಂಥವನು, ಇಗೋ ಈ ಫೈಲು ತಗೊಂಡು ಕೆಲಸ ಶುರು ಮಾಡು' ಅಂತ ಹೇಳುತ್ತೆ. ಋಷಿಗಳು ಕಾಡಿಗೆ ಹೋಗಿ ನೂರಾರು ವರ್ಷ ಕೇಳಿದ ಪ್ರಶ್ನೆ ಅತ್ತಿಗೆ ಇದು. ನಮ್ಮಲ್ಲಿ ನಲವತ್ತು ಸೆಕೆಂಡಲ್ಲಿ ಉತ್ತರ!"

ಗುಂಡಿಗಳನ್ನು ಒತ್ತಿದ. ಹನ್ನೆರಡು ಪರದೆ ಬೆಳಗಿದವು. ನಲವತ್ತು ಸೆಕೆಂಡಾಯಿತು, ಎರಡು ನಿಮಿಷವಾಯಿತು. ಕೊನೆಗೆ ಕಪ್ಪು ಪರದೆಯ ಮೇಲೆ ಒಂದೇ ಸಾಲು ಮೂಡಿತು. ಹನ್ನೆರಡರಲ್ಲೂ ಅದೇ.

"ಏನಂತೆ?" ಪಂಕಜಾಕ್ಷಮ್ಮ ಕೇಳಿದರು.

"ಬೂಟ್ ಫೈಲು ಸಿಗ್ತಾ ಇಲ್ವಂತೆ."

"ಬೂಟು ಸಿಗದಿದ್ರೆ ಚಪ್ಪಲಿ ಮೆಟ್ಕೊಂಡು ಬರೋಕೆ ಹೇಳು! ಶನಿವಾರದ ಒಳಗೆ ಬಂದ್ರೆ ಸಾಕು!"

ತ್ರಿಯಂಬಕ ನೆಲದ ಮೇಲೆ ಮಲಗಿ ಮೇಜುಗಳ ಕೆಳಗೆ ತೆವಳಿದ. ತಂತಿಗಳನ್ನು ಕಿತ್ತು ಚುಚ್ಚಿದ, ಚುಚ್ಚಿ ಕಿತ್ತ. ಮೊದಲು ತಂತಿಯ ತಪ್ಪು ಅಂದ. ಹೊಸ ತಂತಿ ಎಳೆದ. ಆಮೇಲೆ ಇರುವೆಯ ತಪ್ಪು ಅಂದ. ಇರುವೆ ಪುಡಿ ಹಾಕಿದ. ಮಧ್ಯಾಹ್ನದ ಹೊತ್ತಿಗೆ ವಿದ್ಯುತ್ ಇಲಾಖೆಯ ತಪ್ಪಾಗಿತ್ತು. ಹನ್ನೆರಡು ಮಕ್ಕಳೂ ಕೂಗುತ್ತಿವೆ, ತಾಯಿಯೂ ಏನೋ ಹೇಳುತ್ತಿದ್ದಾಳೆ. ಆದರೆ ಹೇಳಿದ ಫೈಲು ಮಾತ್ರ ಮಕ್ಕಳ ಕೈಗೆ ಸಿಗುತ್ತಿಲ್ಲ.

"ನೀನು ಅದರಲ್ಲಿ ಬರೆದದ್ದನ್ನ ಒಂದ್ಸಲ ತೋರಿಸು ನೋಡೋಣ," ಅಂದರು ಪಂಕಜಾಕ್ಷಮ್ಮ. "ಬರೆಯೋವಾಗ ಎಲ್ಲಾದ್ರೂ ತಪ್ಪಿರಬಹುದು."

ತ್ರಿಯಂಬಕ ಮೇಜಿನ ಕೆಳಗಿಂದಲೇ ತಲೆ ಎತ್ತಿ, ಮೇಜಿಗೆ ಬಡಿಸಿಕೊಂಡು, ನೋವಿಗಿಂತ ಅವಮಾನದಿಂದಲೇ ಮುಖ ಕಿವುಚಿದ. "ಅತ್ತಿಗೆ, ಮೂವತ್ತೆರಡು ವರ್ಷ ಈ ಊರಿನ ಮಾತೆಲ್ಲ ನನ್ನ ಕೈ ಮೇಲೆ ಹಾದು ಹೋಗಿದೆ. ನಾನು ಬರೆದದ್ದನ್ನ ನೀವು ತಿದ್ದೋದು ಅಂದ್ರೆ..."

ತಾಯಿ ಯಂತ್ರದ ಮೇಲೆ ಅವನು ಒಂದು ಟವೆಲು ಮುಚ್ಚಿ ಹೋದ.

ಮಂಗಳವಾರ ಬೆಳಿಗ್ಗೆ ಅವನು ಮಹಡಿಯಿಂದ ಇಳಿದು ಬಂದಾಗ ಕೈಯಲ್ಲೊಂದು ಪೆಟ್ಟಿಗೆ ಇತ್ತು. ಹಳೆಯ ಎಕ್ಸ್‌ಚೇಂಜಿನ ರಿಲೇಗಳು, ತಾನು ಒಲ್ಲೆನೆಂದು ಬಿಸಾಡಿದ್ದ ಕಿವಿಯ ಯಂತ್ರ, ಮೇಲೊಂದು ಹಿತ್ತಾಳೆಯ ತಿರುಗಣೆ. ಒಳಗೆ ಇನ್ನೇನೇನಿತ್ತೋ! ಕಿವಿಗೊಟ್ಟರೆ "ಹ್ಞೂ... ಹ್ಞೂ..." ಎಂದು ಹೂಂಗುಡುವ ಸದ್ದು.

"ಓಗೊಡುವ ಪೆಟ್ಟಿಗೆ!" ಅಂದ. "ಯಾವ ಯಂತ್ರ 'ನಾನ್ಯಾರು' ಅಂತ ಕೂಗಿದ್ರೂ ಸರಿ, ಇದು ಓಗೊಡುತ್ತೆ. ತಾಯಿ ತಡವರಿಸಿದ್ರೆ ಇದು ಮುಂದೆ ಬಿದ್ದು ಉತ್ತರ ಹೇಳುತ್ತೆ. ಫೈಲಿನ ಹೆಸರು ಇದಕ್ಕೆ ಬೇಕೇ ಇಲ್ಲ. ಕೇಳಿದವರ ಕಷ್ಟ ಏನು ಅಂತ ತಾನೇ ಅರ್ಥ ಮಾಡ್ಕೊಂಡು, ತಾಯಿ ಹೊಟ್ಟೆಯಿಂದ ಎತ್ತಿ ಕೊಡುತ್ತೆ."

ಗೋಡೆಯ ಪ್ಲಗ್ಗಿಗೆ ಚುಚ್ಚಿದ. ಪೆಟ್ಟಿಗೆ ಹೂಂಗುಟ್ಟಿತು. ಹನ್ನೆರಡು ಕಂಪ್ಯೂಟರೂ ಒಟ್ಟಿಗೆ ಎದ್ದು, ಬೆರಳಚ್ಚಿನ ಮೊದಲ ಪಾಠವನ್ನು ತೆರೆದುಕೊಂಡು ನಿಂತವು!

ಗಂಗಾಂಬಿಕೆ ಚಪ್ಪಾಳೆ ತಟ್ಟಿದಳು. ಪಂಕಜಾಕ್ಷಮ್ಮನವರಿಗೂ ಮನಸ್ಸು ತಡೆಯಲಿಲ್ಲ. ಮೈದುನನಿಗೆ ಎರಡು ಲೋಟ ಕಾಫಿ ಕೊಟ್ಟರು. ಅವನು ಎರಡನೇ ಲೋಟ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು, ಐದು ನಿಮಿಷಕ್ಕೆ ಬಂತು. ಕಂಪ್ಯೂಟರುಗಳು ಮತ್ತೆ ಎದ್ದವು. ಟವೆಲಿನಡಿಯಿಂದ ಇಣುಕುತ್ತಿದ್ದ ತಾಯಿ ಯಂತ್ರದ ಪರದೆಯ ಮೂಲೆಯಲ್ಲಿ ಹಾಜರಿ ಲೆಕ್ಕ ಬರುತ್ತಿತ್ತು. ಪಂಕಜಾಕ್ಷಮ್ಮ ಅಭ್ಯಾಸಬಲದಿಂದ ಅದನ್ನು ನೋಡಿದರು.

"ತ್ರಿಯಂಬಕ, ಹದಿಮೂರು ಅಂತ ತೋರಿಸ್ತಿದೆ."

"ಒಂದು ಹೆಚ್ಚು ಬಂದ್ರೆ ಒಳ್ಳೇದೇ ಅಲ್ವಾ ಅತ್ತಿಗೆ? ಕಡಿಮೆ ಬಂದಿದ್ರೆ ಬೇಜಾರು."

ಹದಿಮೂರನೆಯದು ಯಾರೆಂದು ಬುಧವಾರ ಗೊತ್ತಾಯಿತು. ಪಕ್ಕದ ಮನೆಯ ಭಾಗೀರಥಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು.

"ಪಂಕಜಾ, ನಮ್ಮನೆ ವಾಷಿಂಗ್ ಮೆಷಿನ್ನಿಗೆ ಏನೋ ಬಡಿದಿದೆ ಕಣ್ರೀ. ಎಡಕ್ಕೆ ನಾಲ್ಕು ಸಲ ತಿರುಗುತ್ತೆ, ಬಲಕ್ಕೆ ನಾಲ್ಕು ಸಲ ತಿರುಗುತ್ತೆ, ಆಮೇಲೆ 'ಧಡ್' ಅಂತ ಒಂದು ಗುದ್ದು. ನೀರೇ ತಗೊಳ್ಳಲ್ಲ! ಬೆಳಿಗ್ಗೆಯಿಂದ ಇದೇ."

ಪಂಕಜಾಕ್ಷಮ್ಮ ಹೋಗಿ ಮೆಷಿನ್ನಿನ ಮುಂದೆ ನಿಂತು ಕಿವಿಗೊಟ್ಟರು. ಎಡಗೈಯ ನಾಲ್ಕು ಬೆರಳು, ಬಲಗೈಯ ನಾಲ್ಕು ಬೆರಳು, ಕೊನೆಗೆ ಹೆಬ್ಬೆರಳಿನಿಂದ ಜಾಗ ಬಿಡುವ ಉದ್ದ ಕೀಲಿ. ಮೂವತ್ತೇಳು ವರ್ಷ ಈ ಲಯವನ್ನು ಕೇಳಿದ ಕಿವಿ ತಪ್ಪೀತೇ? ಮೆಷಿನ್ನು ಮೊದಲ ಪಾಠ ಮಾಡುತ್ತಿತ್ತು!

"ವೋಲ್ಟೇಜು ಸರಿಯಿಲ್ಲ ಭಾಗೀರಥಮ್ಮ," ಎಂದು ಆ ಸತ್ಯವಂತೆ ಹೇಳಿ, ತಿರುಗಿ ನೋಡದೆ ಮನೆಗೆ ಬಂದರು. ಬಂದವರೇ ಮೈದುನನನ್ನು ಹಿಡಿದರು.

"ಆ ಪೆಟ್ಟಿಗೆ ನಮ್ಮ ಹನ್ನೆರಡಕ್ಕೆ ಉತ್ತರ ಕೊಡೋಕೋ, ಊರಿಗೆಲ್ಲ ಕೊಡೋಕೋ?"

ತ್ರಿಯಂಬಕ ಗಲ್ಲ ಕೆರೆದುಕೊಂಡ. "ಕರೆಂಟಿನ ತಂತೀನೂ ತಂತೀನೇ ಅಲ್ವಾ ಅತ್ತಿಗೆ. ಕರೆಂಟು ಹೋಗಿ ಬಂದಾಗ ಯಾವ ಯಂತ್ರ ಆದ್ರೂ ಒಂದು ಕ್ಷಣ ಕಣ್ಣುಜ್ಜಿಕೊಂಡು 'ನಾನ್ಯಾರು' ಅಂದುಕೊಳ್ಳುತ್ತೆ. ಅಷ್ಟರಲ್ಲಿ ನಮ್ಮದು 'ನೀನು ಬೆರಳಚ್ಚು ವಿದ್ಯಾರ್ಥಿ' ಅಂತ ಹೇಳಿಬಿಟ್ಟಿದೆ. ತಪ್ಪೇನು ಹೇಳಿಲ್ಲ, ಸ್ವಲ್ಪ ದೂರದವರಿಗೆ ಹೇಳಿದೆ. ಕಿವಿ ಸೂಕ್ಷ್ಮ ಜಾಸ್ತಿ. ಕಡಿಮೆ ಮಾಡ್ತೀನಿ ಬಿಡಿ."

"ಅದರ ಬದಲು ಕಿತ್ತು ಬಿಸಾಡು."

"ಕಿತ್ತರೆ ಹನ್ನೆರಡೂ ಮಲಗ್ತವೆ."

ಅದು ನಿಜವಾಗಿತ್ತು. ಒಳಗಿನಿಂದ ಗಂಗಾಂಬಿಕೆಯ ಬೆರಳುಗಳ ಸದ್ದು ಬರುತ್ತಿತ್ತು. ಇವತ್ತು ಮೊದಲ ಬಾರಿಗೆ ಪಾಸಿನ ಗೆರೆ ದಾಟಿ ನಿಮಿಷಕ್ಕೆ ಮೂವತ್ತೊಂದು ಪದ ಮುಟ್ಟಿದ್ದಳು. ಪಂಕಜಾಕ್ಷಮ್ಮ ಪ್ಲಗ್ಗಿನ ಕಡೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. ತ್ರಿಯಂಬಕ ಹಿತ್ತಾಳೆಯ ತಿರುಗಣೆಯನ್ನು ಹಿಡಿದು ತಿರುಗಿಸಿದ. ಯಾವ ಕಡೆಗೆ ತಿರುಗಿಸಿದರೆ ಕಡಿಮೆ ಎಂಬುದನ್ನು ಅವನು ಬರೆದಿಟ್ಟುಕೊಂಡಿರಲಿಲ್ಲ.

ಗುರುವಾರ ಮಧ್ಯಾಹ್ನದೊಳಗೆ ಎರಡು ಸಲ ಕರೆಂಟು ಹೋಗಿ ಬಂತು. ಹಾಜರಿ ಇಪ್ಪತ್ತಾರಕ್ಕೆ ಏರಿತು.

ಎದುರು ಸಾಲಿನ ಬೇಕರಿ ಬೋರಲಿಂಗಯ್ಯ ಬಂದು ಒಂದು ಚೀಟಿ ಮುಂದೆ ಹಿಡಿದ. ಅವನ ಅಂಗಡಿಯ ತೂಕದ ಯಂತ್ರ ಈಗ ತೂಕವನ್ನೇ ಹೇಳುತ್ತಿಲ್ಲವಂತೆ. ಅರ್ಧ ಕೆಜಿ ಖಾರಾಬೂಂದಿ ಇಟ್ಟರೆ ಚೀಟಿಯಲ್ಲಿ ಬರುವುದು ಹೀಗೆ: "ಮಾನ್ಯರೇ, ತಮ್ಮ ಪತ್ರ ತಲುಪಿತು. ತಾವು ಕೋರಿದ ಮೂವತ್ತು ಕುರ್ಚಿಗಳನ್ನು ಈ ವಾರವೇ ಕಳುಹಿಸಿಕೊಡಲಾಗುವುದು. ಇಂತಿ ತಮ್ಮ ವಿಶ್ವಾಸಿ."

"ಇದು ನಿಮ್ಮ ಶಾಲೆ ಮೂರನೇ ಪಾಠ ಅಲ್ವಾ ಟೀಚರ್?" ಅಂದ ಬೋರಲಿಂಗಯ್ಯ. ಅವನೂ ಇಪ್ಪತ್ತು ವರ್ಷದ ಹಿಂದೆ ಇಲ್ಲೇ ಕಲಿತವನು. "ನಾನು ಇದರಲ್ಲೇ ಫೇಲಾಗಿದ್ದೆ. ತೂಕದ ಯಂತ್ರ ಒಂದು ತಪ್ಪಿಲ್ಲದೆ ಹೊಡೆದಿದೆ ನೋಡಿ!" ಹೇಳುವಾಗ ಅವನ ಧ್ವನಿಯಲ್ಲಿ ದೂರಿಗಿಂತ ಅಸೂಯೆಯೇ ಹೆಚ್ಚಿತ್ತು.

"ವೋಲ್ಟೇಜು," ಅಂದರು ಪಂಕಜಾಕ್ಷಮ್ಮ.

ಸಂಜೆ ಬಸ್‌ ನಿಲ್ದಾಣದ ಧ್ವನಿವರ್ಧಕವೂ ಸೇರಿಕೊಂಡಿತು. ಬಸ್ಸುಗಳ ಹೆಸರು ಕೂಗುತ್ತಿದ್ದ ಅದೇ ಇಂಪಾದ ಹೆಣ್ಣುದನಿ, "ಪ್ರಯಾಣಿಕರ ಗಮನಕ್ಕೆ. ತಾವು ಕೋರಿದ ಮೂವತ್ತು ಕುರ್ಚಿಗಳನ್ನು ಈ ವಾರವೇ ಕಳುಹಿಸಿಕೊಡಲಾಗುವುದು" ಎಂದು ಐದೈದು ನಿಮಿಷಕ್ಕೆ ಸಾರತೊಡಗಿತು. ಕುರ್ಚಿಯಿಲ್ಲದೆ ಹದಿನೈದು ವರ್ಷದಿಂದ ನಿಂತೇ ಕಾಯುತ್ತಿದ್ದ ಊರು ಅದು. ಜನ ಇದನ್ನು ನಂಬಿದರು! ಶುಕ್ರವಾರ ಬೆಳಿಗ್ಗೆ ನಾಲ್ಕಾರು ಹಿರಿಯರು ಹಾರ ಹಿಡಿದು ನಿಲ್ದಾಣದ ಅಧಿಕಾರಿಯನ್ನು ಸನ್ಮಾನಿಸಿದರು. ಆತ ಏನೂ ಅರ್ಥವಾಗದಿದ್ದರೂ ಕತ್ತು ಬಾಗಿಸಿ ಹಾರ ಹಾಕಿಸಿಕೊಂಡು, "ಇದೆಲ್ಲ ನಿಮ್ಮ ಸಹಕಾರ" ಎಂದು ಎರಡು ಮಾತಾಡಿದನಂತೆ.

ಸುದ್ದಿ ಕೇಳಿದ ಪಂಕಜಾಕ್ಷಮ್ಮ ಅಡುಗೆಮನೆಯ ಒನಕೆಯನ್ನು ಬಾಗಿಲ ಬಳಿ ತಂದಿಟ್ಟರು. "ಇವತ್ತೊಂದು ದಿನ, ನಾಳೆ ಮಧ್ಯಾಹ್ನದವರೆಗೆ. ಆಮೇಲೆ ಈ ಪೆಟ್ಟಿಗೆಯನ್ನ ನಾನೇ ಒನಕೆಯಲ್ಲಿ ಕುಟ್ತೀನಿ," ಎಂದು ತಮಗೆ ತಾವೇ ಹೇಳಿಕೊಂಡರು. ಕೆಟ್ಟ ಕೆಲಸವನ್ನು ಒಳ್ಳೆಯ ಕಾರಣಕ್ಕೆ ಮುಂದಕ್ಕೆ ಹಾಕುವವರೆಲ್ಲ ಹೇಳಿಕೊಳ್ಳುವುದು ಹೀಗೆಯೇ.

ಶನಿವಾರ ಒಂಬತ್ತೂವರೆಗೆ ಮಂಡಳಿಯ ಮೇಲ್ವಿಚಾರಕ ಹನುಮಂತರಾಯಪ್ಪ ಬಂದರು. ಇಸ್ತ್ರಿ ಮಾಡಿದ ಸಫಾರಿ, ಇಸ್ತ್ರಿ ಮಾಡಿದ ಮುಖ. ಮೊಹರು ಹಾಕಿದ ಲಕೋಟೆಯಿಂದ ಪೆನ್ ಡ್ರೈವ್ ತೆಗೆದು, ಟವೆಲು ಸರಿಸಿ, ಪ್ರಶ್ನೆಪತ್ರಿಕೆಯನ್ನು ತಾಯಿ ಯಂತ್ರಕ್ಕೆ ತಾವೇ ಹಾಕಿದರು. ತ್ರಿಯಂಬಕ ಟವೆಲನ್ನು ಮತ್ತೆ ಮುಚ್ಚಿದ.

"ಹತ್ತಕ್ಕೆ ಸರಿಯಾಗಿ ಶುರು. ಒಂದು ನಿಮಿಷ ಹೆಚ್ಚಿಲ್ಲ. ಒಂದು ಯಂತ್ರ ಕಡಿಮೆಯಾದ್ರೂ ನಾನು ಬರೆಯಬೇಕಾದ್ದು ಬರೀತೀನಿ," ಅಂದರು.

ಹನ್ನೆರಡು ಜನ ಕೂತರು. ಗುಂಡಿ ಒತ್ತಿದರು. ಪೆಟ್ಟಿಗೆ ಹೂಂಗುಟ್ಟಿತು. ಒಂದು, ಎರಡು, ಮೂರು... ಹನ್ನೊಂದು ಕಂಪ್ಯೂಟರು ಎದ್ದವು. ಏಳನೇ ನಂಬರು ಮಾತ್ರ ಏಳಲಿಲ್ಲ.

ಗಂಗಾಂಬಿಕೆ ಮತ್ತೆ ಒತ್ತಿದಳು. ಪರದೆಯ ಮೇಲೆ ಹೊಸದೊಂದು ಸಾಲು.

"ಟೀಚರ್," ಅಂದಳು. ದನಿ ಅಷ್ಟು ಸಣ್ಣದಾಗಿ ಬಂದದ್ದನ್ನು ಪಂಕಜಾಕ್ಷಮ್ಮ ಯಾವತ್ತೂ ಕೇಳಿರಲಿಲ್ಲ. "ವಿಳಾಸಗಳು ಮುಗಿದಿವೆ ಅಂತಿದೆ ಟೀಚರ್."

ಪಂಕಜಾಕ್ಷಮ್ಮ ಮೈದುನನನ್ನು ಮೊಣಕೈಯಿಂದ ತಿವಿದು ಹೊರಗೆ ಕರೆದೊಯ್ದರು. "ಏನೋ ಹಾಗಂದ್ರೆ?"

ತ್ರಿಯಂಬಕ ಬೆರಳು ಮಡಿಸಿ ಲೆಕ್ಕ ಹಾಕಿದ. "ಕೊಡೋಕೆ ಅಂತ ನಲವತ್ತು ವಿಳಾಸ ಇಟ್ಟಿದ್ದೆ ಅತ್ತಿಗೆ. ಹನ್ನೆರಡು ಯಂತ್ರಕ್ಕೆ ನಲವತ್ತು ಧಾರಾಳ ಅಂದುಕೊಂಡೆ. ಬೆಳಿಗ್ಗೆ ಕರೆಂಟು ಹೋಗಿ ಬಂತಲ್ಲ, ಆಗ ಊರಿನವು ಇಪ್ಪತ್ತೊಂಬತ್ತು ಮುಂಚೇನೇ ಬಂದು ಕೂತಿವೆ. ನಮ್ಮವು ಹನ್ನೊಂದು ಸೇರಿ ನಲವತ್ತು ಭರ್ತಿ. ಏಳನೇದಕ್ಕೆ ಜಾಗ ಇಲ್ಲ."

"ಅಂದ್ರೆ ಭಾಗೀರಥಮ್ಮನ ಬಟ್ಟೆ ಮೆಷಿನ್ನು ಕೂತಿದೆ, ಗಂಗಾಂಬಿಕೆಗೆ ಜಾಗ ಇಲ್ಲ!"

"ಒಂದನ್ನ ಎಬ್ಬಿಸಿದ್ರೆ ಸಾಕು ಅತ್ತಿಗೆ! ಯಾವುದಾದ್ರೂ ಒಂದನ್ನ!"

ಅರವತ್ತಮೂರು ವರ್ಷದ ಪಂಕಜಾಕ್ಷಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದರು. ಬೀದಿಗೆ ಇಳಿದಾಗ ಕೇಳಿಸಿತು. ಭಾಗೀರಥಮ್ಮನ ಮನೆಯಿಂದ ಧಡ್ ಧಡ್; ಬೇಕರಿಯಿಂದ ಚೀಟಿ ಯಂತ್ರದ ಕಟಕಟ; ಮೂಲೆಯ ಝೆರಾಕ್ಸ್ ಅಂಗಡಿ, ಆಚೆಯ ಹಿಟ್ಟಿನ ಗಿರಣಿ, ನೀರಿನ ಟ್ಯಾಂಕಿನ ಪಂಪು. ಎಲ್ಲಾ ಒಂದೇ ತಾಳದಲ್ಲಿ ಕುಟ್ಟುತ್ತಿದ್ದವು! ಒಳಗೆ ಹಾಕಿದ ಪ್ರಶ್ನೆಪತ್ರಿಕೆ ಪೆಟ್ಟಿಗೆಯ ದಯೆಯಿಂದ ಆಗಲೇ ಊರಿಗೆಲ್ಲ ಹಂಚಿಕೆಯಾಗಿ, ಇಪ್ಪತ್ತೊಂಬತ್ತೂ ಪರೀಕ್ಷೆ ಬರೆಯುತ್ತಿದ್ದವು. ಅಂಥ ಅವಸರದಲ್ಲೂ ಟೀಚರ ಒಂದು ಕಿವಿ, 'ಲಯ ಚೆನ್ನಾಗಿದೆ, ಗಿರಣಿ ಮಾತ್ರ ಸ್ವಲ್ಪ ಆತುರ' ಎಂದು ಗುರುತು ಹಾಕಿಕೊಂಡಿತು.

ಭಾಗೀರಥಮ್ಮನ ಮನೆಗೆ ನುಗ್ಗಿದರು. ಮೆಷಿನ್ನು ಮೈಯೆಲ್ಲ ಅದುರಿಸಿಕೊಂಡು ಕೊನೆಯ ಸಾಲು ಕುಟ್ಟಿ, 'ಟಿಣ್' ಎಂದು ಗಂಟೆ ಹೊಡೆದು ನಿಂತಿತು. ಪಂಕಜಾಕ್ಷಮ್ಮ ಸ್ವಿಚ್ಚು ಆರಿಸಿ, ಹಿಂದಕ್ಕೆ ಓಡಿಬಂದರು.

"ಸಿಕ್ಕಿತಾ ಜಾಗ?"

"ಸಿಕ್ಕಿತ್ತು," ಅಂದ ತ್ರಿಯಂಬಕ ನೆಲ ನೋಡುತ್ತ. "ನೀವು ಬರೋದ್ರೊಳಗೆ ಬೇಕರಿಯ ಫ್ರಿಜ್ಜು ಬಂದು ಕೂತುಬಿಡ್ತು. ಪೆಟ್ಟಿಗೆ ಹೊರಗೂ ಸಾಲು ನಿಲ್ಲಿಸಿಕೊಂಡಿದೆ ಅತ್ತಿಗೆ."

ಒಂಬತ್ತು ಐವತ್ತು. ಒಳಗೆ ಹನುಮಂತರಾಯಪ್ಪ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚುತ್ತಿದ್ದರು. ಗಂಗಾಂಬಿಕೆ ಕಪ್ಪು ಪರದೆಯ ಮುಂದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಕೀಲಿಮಣೆ ನೋಡದೆ ಬೆರಳುಗಳನ್ನು ಮಡಿಲ ಮೇಲೆ ಮೆಲ್ಲಗೆ ಆಡಿಸುತ್ತಿದ್ದಳು, ಪಾಠ ಮರೆಯದಿರಲಿ ಎಂದು.

ಅದನ್ನು ನೋಡಿದ ಮೇಲೆ ಪಂಕಜಾಕ್ಷಮ್ಮ ಯಾರನ್ನೂ ಕೇಳಲಿಲ್ಲ. ನೇರ ಹೋಗಿ ಓಗೊಡುವ ಪೆಟ್ಟಿಗೆಯ ತಂತಿ ಹಿಡಿದು ಎಳೆದರು. "ಹ್ಞೂ..." ಎಂದು ಕೊನೆಯ ಸಲ ಹೂಂಗುಟ್ಟಿ ಅದು ಸುಮ್ಮನಾಯಿತು. ಹನ್ನೊಂದು ಪರದೆಗಳೂ ಕಪ್ಪಾದವು. ಪರೀಕ್ಷೆಗೆ ಕೂತವರು ಹೋ ಎಂದರು.

"ಅತ್ತಿಗೆ! ಏನು ಮಾಡಿದ್ರಿ!"

"ಟವೆಲು ತೆಗಿ."

"ಅತ್ತಿಗೆ..."

"ನೀನು ಬರೆದದ್ದು ನಂಗೆ ತೋರಿಸ್ತೀಯೋ, ಇಲ್ಲಾ ಆ ಸಫಾರಿಯವರಿಗೆ ತೋರಿಸ್ತೀಯೋ?"

ತ್ರಿಯಂಬಕ ಟವೆಲು ತೆಗೆದು, ತಾಯಿ ಯಂತ್ರದ ಪರದೆಯಲ್ಲಿ ತಾನು ಬರೆದಿದ್ದ ಹನ್ನೆರಡು ಸಾಲುಗಳನ್ನು ತೆರೆದ. ಪಂಕಜಾಕ್ಷಮ್ಮ ಕನ್ನಡಕ ಏರಿಸಿದರು. ಅದರಲ್ಲಿದ್ದ ತಂತ್ರಜ್ಞಾನ ಅವರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೆ ತಿಳಿಯದ ಬರಹದಲ್ಲಿ ತಪ್ಪು ಹುಡುಕುವುದೇ ಅವರ ಮೂವತ್ತೇಳು ವರ್ಷದ ಕಸುಬು. ತಪ್ಪು ಹುಡುಕುವವರು ಅರ್ಥ ನೋಡಬಾರದು, ಅಕ್ಷರ ನೋಡಬೇಕು ಎಂದು ಅವರೇ ಪಾಠ ಮಾಡುತ್ತಿದ್ದರು. ಬೆರಳು ಒಂಬತ್ತನೇ ಸಾಲಿನಲ್ಲಿ ನಿಂತಿತು.

"ಫೈಲಿಗೆ ಏನು ಹೆಸರಿಟ್ಟಿದೀಯ?"

"ಪಾಠಶಾಲೆ ಅಂತ. ಇಂಗ್ಲಿಷ್ ಅಕ್ಷರದಲ್ಲಿ."

"ಇಲ್ಲಿ ಮಕ್ಕಳಿಗೆ ಹೇಳಿರೋದು 'ಪಾಟಶಾಲೆ' ಅಂತ! ಟಿ ಆದ ಮೇಲೆ ಎಚ್ ಎಲ್ಲೋ? ಮಹಾಪ್ರಾಣ ನುಂಗಿ ನೀರು ಕುಡಿದಿದೀಯ! ಪಾಟಶಾಲೆ ಅಂತ ಫೈಲು ಊರೆಲ್ಲ ಹುಡುಕಿದ್ರೂ ಎಲ್ಲಿ ಸಿಗಬೇಕು? ಪಾಪ, ಅವು ಸೋಮವಾರದಿಂದ ಸತ್ಯ ಹೇಳ್ತಾ ಇದ್ವು!"

ತ್ರಿಯಂಬಕ ಬಗ್ಗಿ ನೋಡಿದ. ಇನ್ನೂ ಬಗ್ಗಿ ನೋಡಿದ. ಎರಡೇ ಬೆರಳಿನಲ್ಲಿ ಕುಟ್ಟುವವನು ಅವನು. ಅತ್ತಿಗೆಯ ಶಾಲೆಯಲ್ಲಿ ಒಂದು ದಿನವೂ ಕೂತಿರಲಿಲ್ಲ. "ಒಂದು ಎಚ್ಚಿಗೆ ಇಷ್ಟೆಲ್ಲಾನಾ?" ಎಂದು ಗೊಣಗಿದ.

"ಪ್ರಾಣ ಹೋದ ಮೇಲೆ ಉಳಿಯೋದೇನು? ಪಕ್ಕಕ್ಕೆ ಸರಿ!"

ಅವರೇ ಕೂತು ಆ ಎಚ್ ಒತ್ತಿದರು. ತಾಯಿ ಯಂತ್ರವನ್ನು ಒಮ್ಮೆ ಆರಿಸಿ ಎಬ್ಬಿಸಿದರು. ಒಂಬತ್ತು ಐವತ್ತೇಳು. "ಎಲ್ಲರೂ ಗುಂಡಿ ಒತ್ತಿ," ಅಂದರು, ಮನಸ್ಸಿನಲ್ಲಿ ಮನೆದೇವರಿಗೆ ಒಂದು ತೆಂಗಿನಕಾಯಿ ಹೇಳಿಕೊಂಡು.

ಪೆಟ್ಟಿಗೆಯಿಲ್ಲ, ಹೂಂಕಾರವಿಲ್ಲ. ಹನ್ನೆರಡೂ ತಣ್ಣಗೆ ತಾಯಿಯನ್ನು ಕೂಗಿದವು, ವಿಳಾಸ ಪಡೆದವು, ಫೈಲು ಪಡೆದವು, ಎದ್ದು ಕೂತವು. ಎಲ್ಲಕ್ಕಿಂತ ಮೊದಲು ಎದ್ದದ್ದು ಏಳನೇ ನಂಬರು. ಹನುಮಂತರಾಯಪ್ಪ ಗಡಿಯಾರ ನೋಡಿದರು, ಪೆನ್ನಿಗೆ ಮುಚ್ಚಳ ಹಾಕಿದರು, "ಶುರು ಮಾಡಿ" ಅಂದರು.

ಗಂಗಾಂಬಿಕೆ ಬೆನ್ನು ನೆಟ್ಟಗೆ ಮಾಡಿಕೊಂಡಳು. ಆಮೇಲೆ ಮುಗಿಯುವತನಕ ಅವಳು ಕೀಲಿಮಣೆಯ ಕಡೆ ಒಂದು ಸಲವೂ ನೋಡಲಿಲ್ಲ. ಪಂಕಜಾಕ್ಷಮ್ಮ ಬಾಗಿಲ ಹಿಂದೆ ನಿಂತು ಬರೀ ಸದ್ದು ಕೇಳಿಸಿಕೊಂಡರು. ಎಲ್ಲಿಯೂ ತಡೆಯಲಿಲ್ಲ, ಎಲ್ಲಿಯೂ ಮುಗ್ಗರಿಸಲಿಲ್ಲ. ಕೊನೆಗೆ ಹನುಮಂತರಾಯಪ್ಪ ತಾಯಿ ಯಂತ್ರದಲ್ಲಿದ್ದ ಉತ್ತರಗಳನ್ನೆಲ್ಲ ಪೆನ್ ಡ್ರೈವಿಗೆ ತುಂಬಿಕೊಂಡು, ಲಕೋಟೆಗೆ ಮೊಹರು ಒತ್ತಿ, ಎರಡು ಇಡ್ಲಿ ಒಂದು ವಡೆ ತಿಂದು ಹೊರಟರು. ಎಷ್ಟು ಉತ್ತರ ತುಂಬಿಕೊಂಡೆ ಎಂದು ಅವರು ಎಣಿಸಲಿಲ್ಲ. ಎಣಿಸುವುದು ಅವರ ಕೆಲಸವಲ್ಲ, ಅದಕ್ಕೆ ಮಂಡಳಿಯಲ್ಲಿ ಬೇರೆ ವಿಭಾಗವಿತ್ತು.

ಆರು ವಾರಕ್ಕೆ ಫಲಿತಾಂಶ ಬಂತು. ಅಂಚೆಯವನು ತಂದ ಕಟ್ಟು ಎಂದಿನದಕ್ಕಿಂತ ದಪ್ಪವಾಗಿತ್ತು. ಪಂಕಜಾಕ್ಷಮ್ಮ ಬಿಚ್ಚಿ, ಮೊದಲು ಏಳನೇ ನಂಬರು ಹುಡುಕಿದರು. ಗಂಗಾಂಬಿಕೆ, ಪಾಸು, ಪ್ರಥಮ ದರ್ಜೆ! ಅವಳನ್ನು ಕರೆಸಿ ಕೈಗೆ ಕೊಟ್ಟರು. ಅವಳು ಆ ಹಾಳೆಯನ್ನು ಎರಡು ಸಲ ಓದಿದಳು, ಎಲ್ಲಾದರೂ ಅಚ್ಚಿನ ತಪ್ಪು ಇದೆಯೋ ಎಂದು ಮೂರನೇ ಸಲ ಓದಿದಳು, ಆಮೇಲೆ ಟೀಚರ ಕಾಲಿಗೆ ಬಿದ್ದಳು.

ಉಳಿದ ಸರ್ಟಿಫಿಕೇಟುಗಳನ್ನು ನೋಡುತ್ತ ಹೋದಂತೆ ಪಂಕಜಾಕ್ಷಮ್ಮನವರ ಹುಬ್ಬು ಮೇಲೇರಿತು. ಹನ್ನೆರಡು ಮುಗಿದರೂ ಕಟ್ಟು ಮುಗಿಯಲಿಲ್ಲ. ಒಟ್ಟು ನಲವತ್ತೊಂದಿತ್ತು! ಹದಿಮೂರನೆಯದನ್ನು ಬೆಳಕಿಗೆ ಹಿಡಿದರು. ಅಭ್ಯರ್ಥಿಯ ಹೆಸರು: ಫುಲ್ಲಿ ಆಟೊಮ್ಯಾಟಿಕ್. ತಂದೆಯ ಹೆಸರು: ಆರೂವರೆ ಕೆಜಿ. ಫಲಿತಾಂಶ: ಡಿಸ್ಟಿಂಕ್ಷನ್. ಪರೀಕ್ಷಕರ ಷರಾ: "ವೇಗ ಅತ್ಯುತ್ತಮ, ಬರಹ ಸ್ವಚ್ಛ." ಬೇಕರಿಯ ತೂಕದ ಯಂತ್ರಕ್ಕೆ ಪ್ರಥಮ ದರ್ಜೆ. ನೀರಿನ ಪಂಪಿಗೆ ದ್ವಿತೀಯ. ಹಿಟ್ಟಿನ ಗಿರಣಿ ಒಂದೇ ಒಂದು ಫೇಲಾಗಿತ್ತು. ಮರುಪರೀಕ್ಷೆಗೆ ಅವಕಾಶವಿದೆ ಎಂದು ಸೂಚಿಸಲಾಗಿತ್ತು. ಕಟ್ಟಿನ ಅಡಿಯಲ್ಲಿ ಮಂಡಳಿಯ ಪತ್ರ: ಜಿಲ್ಲೆಯಲ್ಲೇ ಅತಿ ಹೆಚ್ಚು ಫಲಿತಾಂಶ ತಂದ ಕೇಂದ್ರವೆಂದು ತಮ್ಮನ್ನು ಅಭಿನಂದಿಸಲಾಗಿದೆ.

"ನೋಡಿದ್ರಾ ಅತ್ತಿಗೆ!" ಅಂದ ತ್ರಿಯಂಬಕ.

"ನೀನು ಮಾತಾಡಬೇಡ. ಸೋಮವಾರದಿಂದ ಬೆಳಿಗ್ಗೆ ಏಳಕ್ಕೆ ಬಂದು ಮೊದಲನೇ ಪಾಠಕ್ಕೆ ಕೂತ್ಕೋ," ಅಂದರು ಅವರು.

ಎರಡು ದಿನ ತೊಳಲಾಡಿ, ಕೊನೆಗೆ ಆತ್ಮಸಾಕ್ಷಿ ತಡೆಯದೆ ಸರ್ಟಿಫಿಕೇಟು ಹಿಡಿದು ಭಾಗೀರಥಮ್ಮನ ಮನೆಗೆ ಹೋಗಿ, ನಡೆದದ್ದೆಲ್ಲ ಹೇಳಿ ಕ್ಷಮೆ ಕೇಳಿದರು. ಭಾಗೀರಥಮ್ಮ ಕೋಪ ಮಾಡಿಕೊಳ್ಳಲಿಲ್ಲ. ಮನೆಯಲ್ಲಿ ಇದುವರೆಗೆ ಯಾರಿಗೂ ಡಿಸ್ಟಿಂಕ್ಷನ್ ಬಂದಿರಲಿಲ್ಲವಂತೆ. ಕಟ್ಟು ಹಾಕಿಸಿ ಮೆಷಿನ್ನಿನ ಮೇಲಿನ ಗೋಡೆಗೇ ತೂಗುಹಾಕಿದರು, ಕುಂಕುಮವನ್ನೂ ಇಟ್ಟರು.

ಆದರೆ ಮಾರನೆಯ ದಿನ ಬೆಳಿಗ್ಗೆಯೇ ಮತ್ತೆ ಬಂದು ಬಾಗಿಲಲ್ಲಿ ನಿಂತರು.

"ಏನು ಹೇಳಲಿ ಪಂಕಜಾ? ಇಷ್ಟು ದಿನ ಸರಿಯಾಗಿತ್ತು ಕಣ್ರೀ. ಸರ್ಟಿಫಿಕೇಟು ತೂಗುಹಾಕಿದ ಗಳಿಗೆಯಿಂದ ನಿಂತುಬಿಟ್ಟಿದೆ. ರಿಪೇರಿಯವನು ಬಂದು ಎಲ್ಲಾ ಬಿಚ್ಚಿ ನೋಡಿದ, ಯಾವ ದೋಷವೂ ಇಲ್ವಂತೆ. ಸೀರೆ ಹಾಕಿದ್ರೆ ಬಾಗಿಲು ತೆಗೆದು ಹೊರಗೆ ಎಸೆಯುತ್ತೆ!"

ಪಂಕಜಾಕ್ಷಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಡಿಸ್ಟಿಂಕ್ಷನ್ ಬಂದವರಿಗೆ ಬಟ್ಟೆ ಒಗಿ ಅಂದ್ರೆ ಯಾರು ಒಗೀತಾರೆ, ಭಾಗೀರಥಮ್ಮ?"